ಅಜ್ಜನಿಗೆ ‘ಓಲ್ಡ್’ ಅನ್ನಬಹುದೇ? ಅಣ್ಣ ‘ಎಲ್ಡರ್’ ಆದರೆ ಸಾಕೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು: ವಯಸ್ಸನ್ನು ಹೇಳುವ ಇಂಗ್ಲಿಷ್ ಪದಗಳು. ಹೊನ್ನಾವರದಿಂದ ಆಮಂತ್ರಣ ಪತ್ರಿಕೆಯ ಪ್ರಶ್ನೆ, ಕಾರವಾರದಿಂದ ಸೇತುವೆಯ ಪ್ರಶ್ನೆ, ಶಿರಸಿಯಿಂದ ಉಪ್ಪಿನಕಾಯಿ ಬಾಟಲಿಯ ಪ್ರಶ್ನೆ. ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇವನ್ನೇ ತೆಗೆದುಕೊಂಡಿದ್ದೇನೆ. ಇಂಗ್ಲಿಷ್ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಉಚ್ಚಾರವೂ ತಿಳಿಯಲಿ ಅಂತ.

ಪ್ರಶ್ನೆ: ನಮ್ಮ ಅಜ್ಜನ ಸಹಸ್ರಚಂದ್ರದರ್ಶನ ಶಾಂತಿ ಹತ್ತಿರ ಬಂತು. ಹೊರದೇಶದಲ್ಲಿರುವ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಅವರಿಗಾಗಿ ಇಂಗ್ಲಿಷಿನಲ್ಲೂ ಆಮಂತ್ರಣ ಮಾಡಿಸುತ್ತಿದ್ದೇವೆ. ‘ಅವರ್ ಓಲ್ಡ್ ಗ್ರ್ಯಾಂಡ್‌ಫಾದರ್’ ಅಂತ ಬರೆಯೋಣ ಅಂತಾರೆ ಒಬ್ಬರು, ‘ಏಜ್ಡ್’ ಅಂತಾರೆ ಇನ್ನೊಬ್ಬರು, ‘ಎಲ್ಡರ್ಲಿ’ ಮರ್ಯಾದೆಯ ಪದ ಅಂತಾರೆ ನಮ್ಮ ಚಿಕ್ಕಪ್ಪ. ಯಾವುದು ಸರಿ ಮೇಡಂ?
— ಹೊನ್ನಾವರದ ಓದುಗರು

ಆಮಂತ್ರಣಕ್ಕೆ ಮೂರೂ ಬೇಡ. ಆದರೆ ಯಾಕೆ ಬೇಡ ಅನ್ನುವುದು ಒಂದು ಸಾಲಿನಲ್ಲಿ ಮುಗಿಯುವ ಮಾತಲ್ಲ.

‘ಓಲ್ಡ್’ ತಪ್ಪು ಪದ ಅಲ್ಲ. ಎಲ್ಲಕ್ಕಿಂತ ನೇರವಾದ ಪದ ಅದು. ‘ಹಿ ಈಸ್ ವೆರಿ ಓಲ್ಡ್’ ಅಂತ ಮನೆಯವರೇ ಮಾತಿನಲ್ಲಿ ಅಂದರೆ ಯಾರಿಗೂ ಬೇಜಾರಿಲ್ಲ. ಅದೇ ಪದವನ್ನು ಅಚ್ಚು ಹಾಕಿಸಿ, ಅಜ್ಜನ ಹೆಸರಿನ ಮುಂದೆ ಕೂರಿಸಿದರೆ, ಅವರ ಬಗ್ಗೆ ಹೇಳುವುದಕ್ಕೆ ಬೇರೆ ಏನೂ ಇರಲಿಲ್ಲವೇನೋ ಅನ್ನಿಸುತ್ತದೆ. ‘ಎಲ್ಡರ್ಲಿ’ಯಲ್ಲಿ ಸ್ವಲ್ಪ ಮರ್ಯಾದೆ ಇರುವುದು ಹೌದು, ನಿಮ್ಮ ಚಿಕ್ಕಪ್ಪ ಹೇಳಿದ್ದು ಸರಿ. ಆದರೆ ಅದರ ಹಿಂದೆ ಇನ್ನೊಂದು ನೆರಳೂ ಇದೆ: ಇವರು ನಿಶ್ಶಕ್ತರು, ಇನ್ನೊಬ್ಬರ ಕೈ ಹಿಡಿದು ನಡೆಯುವವರು ಅನ್ನುವ ಭಾವ. ಅದಕ್ಕೇ ಈಗ ಸಂಸ್ಥೆಗಳು, ಪತ್ರಿಕೆಗಳು ಈ ಪದವನ್ನು ಕಡಿಮೆ ಮಾಡುತ್ತಿವೆ. ಅಕ್ಟೋಬರ್ 1ರ ಹಿರಿಯರ ದಿನಕ್ಕೆ ವಿಶ್ವಸಂಸ್ಥೆ ಇಂಗ್ಲಿಷಿನಲ್ಲಿ ಇಟ್ಟುಕೊಂಡಿರುವ ಹೆಸರು ‘ಇಂಟರ್‌ನ್ಯಾಷನಲ್ ಡೇ ಆಫ್ ಓಲ್ಡರ್ ಪರ್ಸನ್ಸ್’.

ಇಲ್ಲಿ ಒಂದು ವಿಚಿತ್ರ ಗಮನಿಸಿ. ವ್ಯಾಕರಣದ ಪ್ರಕಾರ ‘ಓಲ್ಡರ್’ ಅಂದರೆ ‘ಓಲ್ಡ್’ಗಿಂತ ಜಾಸ್ತಿ ಆಗಬೇಕು. ಬಳಕೆಯಲ್ಲಿ ಉಲ್ಟಾ. ‘ಆ್ಯನ್ ಓಲ್ಡರ್ ಮ್ಯಾನ್’ ಅಂದರೆ ಐವತ್ತು, ಅರವತ್ತು ದಾಟಿದವರು ಅನ್ನಬಹುದು. ‘ಆ್ಯನ್ ಓಲ್ಡ್ ಮ್ಯಾನ್’ ಅಂದರೆ ಪೂರ್ತಿ ಮುದುಕರೇ. ಹೋಲಿಕೆಯ ರೂಪ ಬಂದ ಕೂಡಲೇ ಪದ ಮೆತ್ತಗಾಗುತ್ತದೆ. ಯಾರಿಗಿಂತ ಹಿರಿಯರು ಅಂತ ಹೇಳದೆ ಬಿಟ್ಟಿರುವುದೇ ಅದರ ಸೌಜನ್ಯ.

ಇನ್ನು ‘ಏಜ್ಡ್’. ಇದಕ್ಕೆ ಎರಡು ಉಚ್ಚಾರ ಇದೆ, ನಮ್ಮಲ್ಲಿ ಬಹಳ ಜನ ಇದನ್ನು ಕೇಳಿಯೇ ಇಲ್ಲ. ಮುಂದೆ ಸಂಖ್ಯೆ ಬಂದರೆ ‘ಏಜ್ಡ್’, ಒಂದೇ ಉಸಿರಿನ ಪದ: ‘ಏಜ್ಡ್ ಸಿಕ್ಸ್ಟಿ’. ‘ವಯಸ್ಸಾದ’ ಅನ್ನುವ ಅರ್ಥದಲ್ಲಿ ಮನುಷ್ಯರ ಬಗ್ಗೆ ಹೇಳುವಾಗ ‘ಏಜಿಡ್’, ಎರಡು ತುಂಡಾಗಿ: ‘ಏಜಿಡ್ ಪೇರೆಂಟ್ಸ್’. ಈ ಎರಡನೆಯದು ಅರ್ಜಿ, ಅಹವಾಲುಗಳಲ್ಲಿ ಓಡಾಡುವ ಪದ. ‘ನನ್ನ ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಬೇಕು, ವರ್ಗಾವಣೆ ಕೊಡಿ’ ಅಂತ ಬರೆಯುವಾಗ ಬರುತ್ತದಲ್ಲ, ಅಲ್ಲಿಗೆ ಸರಿ. ಸಂತೋಷದ ಸಮಾರಂಭಕ್ಕೆ ಅಲ್ಲ.

ಹಾಗಾದರೆ ಏನು ಬರೆಯಬೇಕು? ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಸಂಖ್ಯೆ ಗೊತ್ತಿರುವಾಗ ಸಂಖ್ಯೆಯನ್ನೇ ಬರೆಯಿರಿ. ಎಂಬತ್ತೊಂದು ಅನ್ನುವುದು ಬರೀ ಸಂಗತಿ, ‘ಎಲ್ಡರ್ಲಿ’ ಅನ್ನುವುದು ತೀರ್ಪು. ‘ಅವರ್ ಗ್ರ್ಯಾಂಡ್‌ಫಾದರ್ ಟರ್ನ್ಸ್ ಏಯ್ಟಿ-ಒನ್’ ಅಂದರೆ ಮುಗಿಯಿತು, ಅದರಲ್ಲೇ ಹೆಮ್ಮೆಯೂ ಇದೆ. ನಿಮ್ಮ ಸಮಾರಂಭಕ್ಕಂತೂ ಇನ್ನೂ ಒಳ್ಳೆಯ ದಾರಿ ಇದೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.53 ದಿನ. ಸಾವಿರ ಹುಣ್ಣಿಮೆ ಅಂದರೆ ಹತ್ತಿರ ಹತ್ತಿರ 80 ವರ್ಷ 10 ತಿಂಗಳು. ‘ಹಿ ಹ್ಯಾಸ್ ಸೀನ್ ಎ ಥೌಸಂಡ್ ಫುಲ್ ಮೂನ್ಸ್’ ಅಂತ ಬರೆಯಿರಿ. ಹೊರದೇಶದಲ್ಲಿ ಬೆಳೆದ ಮೊಮ್ಮಗುವಿಗೂ ಇದು ಯಾಕೆ ಮಾಡುತ್ತಾರೆ ಅಂತ ಒಂದೇ ಸಾಲಿನಲ್ಲಿ ಅರ್ಥವಾಗುತ್ತದೆ. ‘ಆಕ್ಟೊಜೆನೇರಿಯನ್’ ಅಂತ ಒಂದು ಪದವೂ ಇದೆ, 80ರಿಂದ 89ರವರೆಗಿನವರಿಗೆ. ಅದು ಸುದ್ದಿಯ ಪದ, ಮನೆಯ ಪದ ಅಲ್ಲ. ಬಿಡಿ.

ಪ್ರಶ್ನೆ: ‘ಮೈ ಬ್ರದರ್ ಈಸ್ ಎಲ್ಡರ್ ದ್ಯಾನ್ ಮಿ’ ಅಂತ ಬರೆದಿದ್ದಕ್ಕೆ ಮಾರ್ಕ್ಸ್ ಕಟ್ ಆಯಿತು. ‘ಎಲ್ಡರ್ ಬ್ರದರ್’ ಸರಿ ಅಂತಾದರೆ ಇದು ಹೇಗೆ ತಪ್ಪು?
— ಕುಮಟಾದ ಪಿಯುಸಿ ವಿದ್ಯಾರ್ಥಿ

ಕಟ್ ಮಾಡಿದ್ದು ಸರಿ, ಆದರೆ ನಿಮ್ಮ ಪ್ರಶ್ನೆಯೂ ನ್ಯಾಯವಾದದ್ದು. ‘ಎಲ್ಡರ್’ ಪಕ್ಕದಲ್ಲಿ ‘ದ್ಯಾನ್’ ಬರುವುದಿಲ್ಲ. ಅದು ಹೋಲಿಸುವ ಪದವಾಗಿ ಈಗ ಉಳಿದಿಲ್ಲ. ಮನೆಯೊಳಗೆ ಯಾರು ದೊಡ್ಡವರು ಅಂತ ಗುರುತು ಹೇಳುವ ಪದ ಅಷ್ಟೇ. ‘ಎಲ್ಡರ್ ಬ್ರದರ್’, ‘ಎಲ್ಡರ್ ಸಿಸ್ಟರ್’, ‘ಎಲ್ಡರ್ ಸನ್’: ಹೀಗೆ ಸಂಬಂಧದ ಪದದ ಮುಂದೆ ಕೂತರೆ ಸರಿ. ‘ಮೈ ಬ್ರದರ್ ಈಸ್ ಎಲ್ಡರ್’ ಅಂತ ವಾಕ್ಯದ ಕೊನೆಗೆ ಒಂಟಿಯಾಗಿ ನಿಲ್ಲಿಸಿದರೂ ಸರಿಯಾಗದು. ‘ಓಲ್ಡರ್’ ಅನ್ನಿ. ಮುಂದೆ ‘ದ’ ಸೇರಿಸಿ ‘ಹಿ ಈಸ್ ದ ಎಲ್ಡರ್’ ಅಂದರೆ ಸರಿ, ಇಬ್ಬರಲ್ಲಿ ದೊಡ್ಡವನು ಅವನು ಅಂತ ಅರ್ಥ. ಮೂವರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ‘ಎಲ್ಡೆಸ್ಟ್’.

ನಮಗೆ ಈ ತೊಡಕು ಯಾಕೆ ಬರುತ್ತದೆ ಅಂದರೆ, ನಮ್ಮಲ್ಲಿ ಅಣ್ಣ ಅಂದ ಕೂಡಲೇ ದೊಡ್ಡವನು ಅನ್ನುವುದು ಅದರಲ್ಲೇ ಬಂದುಬಿಡುತ್ತದೆ. ಇಂಗ್ಲಿಷಿನ ‘ಬ್ರದರ್’ಗೆ ಆ ಶಕ್ತಿ ಇಲ್ಲ. ಹಾಗಾಗಿ ನಾವು ಪ್ರತಿ ಸಲವೂ ‘ಎಲ್ಡರ್ ಬ್ರದರ್’, ‘ಯಂಗರ್ ಸಿಸ್ಟರ್’ ಅಂತ ಬಿಡಿಸಿ ಹೇಳುತ್ತೇವೆ. ಇಂಗ್ಲಿಷ್ ಮನೆಮಾತಿನವರು ಬಹಳ ಸಲ ಬರೀ ‘ಬ್ರದರ್’ ಅಂದು ಸುಮ್ಮನಾಗುತ್ತಾರೆ, ಬೇಕೇಬೇಕು ಅನ್ನಿಸಿದರೆ ‘ಓಲ್ಡರ್ ಬ್ರದರ್’ ಅಥವಾ ‘ಬಿಗ್ ಬ್ರದರ್’ ಅನ್ನುತ್ತಾರೆ. ನೀವು ಬಿಡಿಸಿ ಹೇಳುವುದರಲ್ಲಿ ತಪ್ಪೇನಿಲ್ಲ, ಮುಂದುವರಿಸಿ. ‘ಓಲ್ಡರ್’ ಅಂತೂ ಎಲ್ಲ ಕಡೆ ನಡೆಯುತ್ತದೆ: ಮನುಷ್ಯರಿಗೆ, ಮನೆಗೆ, ಮರಕ್ಕೆ, ದೋಣಿಗೆ. ‘ಎಲ್ಡರ್ ಟೆಂಪಲ್’ ಅಂತ ಮಾತ್ರ ಎಲ್ಲೂ ಇಲ್ಲ.

ಇದೇ ಪದ ನಾಮಪದವಾದರೆ ತೂಕವೇ ಬೇರೆ. ‘ಆ್ಯನ್ ಎಲ್ಡರ್’ ಅಂದರೆ ಊರು, ಸಮುದಾಯ ಮಾತು ಕೇಳುವ ಹಿರಿಯರು. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರನ್ನು ನೆನೆಯಿರಿ. ನೂರಾರು ಹಾಲಕ್ಕಿ ಹಾಡುಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದವರು, ಸಾರಾಯಿ ವಿರುದ್ಧ ಹೋರಾಡಿದವರು, 2017ರಲ್ಲಿ ಪದ್ಮಶ್ರೀ ಪಡೆದವರು. ಅವರನ್ನು ‘ಆ್ಯನ್ ಓಲ್ಡ್ ವುಮನ್ ಆಫ್ ದ ಹಾಲಕ್ಕಿ ಕಮ್ಯುನಿಟಿ’ ಅಂತ ಬರೆದರೆ ಮನಸ್ಸಿಗೆ ಚುಚ್ಚುತ್ತದೆ. ‘ಎ ಹಾಲಕ್ಕಿ ಎಲ್ಡರ್’ ಅಂದರೆ ಅವರ ಸ್ಥಾನ ಸಿಕ್ಕಿತು. ವಯಸ್ಸು ಒಂದೇ, ಮರ್ಯಾದೆ ಬೇರೆ.

ಇನ್ನೊಂದು. ‘ಸೀನಿಯರ್’ ಪಕ್ಕದಲ್ಲೂ ‘ದ್ಯಾನ್’ ಬರುವುದಿಲ್ಲ, ‘ಟು’ ಬರುತ್ತದೆ: ‘ಹಿ ಈಸ್ ಸೀನಿಯರ್ ಟು ಮಿ’. ಇದು ಪರೀಕ್ಷೆಯಲ್ಲಿ ಪದೇ ಪದೇ ಬೀಳುವ ಪ್ರಶ್ನೆ.

ಪ್ರಶ್ನೆ: ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕಾಳಿ ಸೇತುವೆ ಕುಸಿದದ್ದರ ಬಗ್ಗೆ ಇಂಗ್ಲಿಷ್ ಲೇಖನ ಬರೆಯುತ್ತಿದ್ದೇನೆ. ‘ದಿ ಓಲ್ಡ್ ಬ್ರಿಜ್’ ಅಂತ ಬರೆದರೆ ಗೆಳೆಯರು, ಅದು ಅಷ್ಟೇನು ಹಳೆಯದಲ್ಲವಲ್ಲ ಅಂತಾರೆ. ‘ಏನ್ಷಂಟ್’ ಹಾಕಿದರೆ ಹೇಗೆ?
— ಕಾರವಾರದ ಓದುಗರು

‘ಏನ್ಷಂಟ್’ ಖಂಡಿತ ಬೇಡ. ಅದು ಸಾವಿರಾರು ವರ್ಷದ ಮಾತು. 1980ರ ದಶಕದಲ್ಲಿ ಕಟ್ಟಿದ ಕಾಂಕ್ರೀಟ್ ಸೇತುವೆಗೆ ಆ ಪದ ಹಾಕಿದರೆ ಓದುವವರ ಗಮನವೆಲ್ಲ ಪದದ ಮೇಲೆ ಹೋಗುತ್ತದೆ, ವಿಷಯದ ಮೇಲೆ ನಿಲ್ಲುವುದಿಲ್ಲ.

‘ಓಲ್ಡ್ ಬ್ರಿಜ್’ ಸರಿಯಾಗಿಯೇ ಇದೆ, ನಿಮ್ಮ ಗೆಳೆಯರು ಒಂದು ಅರ್ಥವನ್ನು ಮಾತ್ರ ನೋಡುತ್ತಿದ್ದಾರೆ. ‘ಓಲ್ಡ್’ಗೆ ‘ತುಂಬ ವರ್ಷದ್ದು’ ಅನ್ನುವ ಅರ್ಥ ಇರುವ ಹಾಗೆ ‘ಮೊದಲಿನದು, ಹೊಸತಲ್ಲದ್ದು’ ಅನ್ನುವ ಅರ್ಥವೂ ಇದೆ. ಪಕ್ಕದಲ್ಲಿ ಹೊಸ ಸೇತುವೆ ನಿಂತ ದಿನವೇ ಇದು ಹಳೆ ಸೇತುವೆ ಆಯಿತು. ಕಾರವಾರದವರು ಕನ್ನಡದಲ್ಲಿ ಹೇಳುವುದೂ ಹಾಗೇ ಅಲ್ವಾ. ‘ಮೈ ಓಲ್ಡ್ ಸ್ಕೂಲ್’, ‘ಮೈ ಓಲ್ಡ್ ಅಡ್ರೆಸ್’ ಅನ್ನುವುದರಲ್ಲಿರುವುದೂ ಇದೇ ಅರ್ಥ. ‘ಆ್ಯನ್ ಓಲ್ಡ್ ಫ್ರೆಂಡ್’ ಇನ್ನೂ ಬೇರೆ: ಗೆಳೆಯನಿಗೆ ವಯಸ್ಸಾಗಿದೆ ಅಂತಲ್ಲ, ಗೆಳೆತನಕ್ಕೆ ವಯಸ್ಸಾಗಿದೆ ಅಂತ. ಇಪ್ಪತ್ತರ ಹುಡುಗಿಗೂ ‘ಓಲ್ಡ್ ಫ್ರೆಂಡ್’ ಇರಬಹುದು.

ಆದರೆ ನಿಮ್ಮ ಲೇಖನಕ್ಕೆ ವಯಸ್ಸು ಮುಖ್ಯ. 2024ರ ಆಗಸ್ಟ್ 7ರ ನಡುರಾತ್ರಿ ಅದು ನದಿಗೆ ಬಿತ್ತು, ಲಾರಿಯೂ ಜೊತೆಗೆ ಬಿತ್ತು, ಚಾಲಕನನ್ನು ಬದುಕಿಸಿ ತಂದರು. ಹೆದ್ದಾರಿಯ ಸೇತುವೆ ನಾಲ್ಕು ದಶಕಕ್ಕೇ ಬಿದ್ದದ್ದು ಯಾಕೆ ಅನ್ನುವುದೇ ಅಲ್ಲಿನ ಪ್ರಶ್ನೆ. ಹಾಗಾಗಿ ಮೊದಲ ಸಲ ‘ದ ಫೋರ್-ಡಿಕೇಡ್-ಓಲ್ಡ್ ಬ್ರಿಜ್’ ಅಂತ ಬರೆಯಿರಿ, ಆಮೇಲೆ ಬೇಕಾದಷ್ಟು ಸಲ ‘ದಿ ಓಲ್ಡ್ ಬ್ರಿಜ್’ ಅನ್ನಿ. ‘ಏಜಿಂಗ್ ಬ್ರಿಜ್’ ಅಂತಲೂ ಒಂದು ಒಳ್ಳೆಯ ಪದ ಇದೆ: ದಿನದಿಂದ ದಿನಕ್ಕೆ ಸವೆಯುತ್ತಿರುವುದು, ಗಮನ ಬೇಕಾದದ್ದು ಅನ್ನುವ ಎಚ್ಚರಿಕೆ ಅದರಲ್ಲಿದೆ. ನಮ್ಮ ಬಂದರುಗಳಲ್ಲಿ ನಿಂತ ಹಳೆ ಟ್ರಾಲರ್‌ಗಳಿಗೂ ಅದು ಹೊಂದುತ್ತದೆ. ಆದರೆ ಅದು ಇನ್ನೂ ನಿಂತಿರುವುದರ ಬಗ್ಗೆ ಹೇಳುವ ಪದ, ಬಿದ್ದು ಹೋದದ್ದಕ್ಕೆ ಈಗ ಸಲ್ಲದು.

ಪ್ರಶ್ನೆ: ಫಾರ್ಮಿನಲ್ಲಿ ವಯಸ್ಸು ಕೇಳಿದಾಗ ‘ಟ್ವೆಂಟಿ-ಫೈವ್ ರನ್ನಿಂಗ್’ ಅಂತ ಬರೆಯುವುದು ಸರಿಯಾ?
— ಅಂಕೋಲಾದ ಓದುಗರು

ಇಲ್ಲ. ‘ಇಪ್ಪತ್ತೈದು ನಡೆಯುತ್ತಿದೆ’ ಅನ್ನುವುದು ನಮ್ಮ ಲೆಕ್ಕ. ಇಂಗ್ಲಿಷಿನಲ್ಲಿ ಮುಗಿದ ವರ್ಷವನ್ನಷ್ಟೇ ಎಣಿಸುತ್ತಾರೆ. ನಡೆಯುತ್ತಿರುವುದು ಇಪ್ಪತ್ತೈದನೆಯದಾದರೆ ಬರೆಯಬೇಕಾದ್ದು 24. ಜೊತೆಗೆ ‘ಮೈ ಏಜ್ ಈಸ್ 24 ಇಯರ್ಸ್’ ಅಂತ ಉದ್ದ ಬೇಡ, ಮಾತಿನಲ್ಲಿ ‘ಐ ಆ್ಯಮ್ ಟ್ವೆಂಟಿ-ಫೋರ್’ ಸಾಕು. ‘ಐ ಆ್ಯಮ್ ಟ್ವೆಂಟಿ-ಫೋರ್ ಇಯರ್ಸ್’ ಅಂತ ನಿಲ್ಲಿಸಿದರೆ ಅರ್ಧ ವಾಕ್ಯ, ಕೊನೆಗೆ ‘ಓಲ್ಡ್’ ಬೇಕು. ಅಫಿಡವಿಟ್‌ಗಳಲ್ಲಿ ‘ಏಜ್ಡ್ ಅಬೌಟ್ 45 ಇಯರ್ಸ್’ ಅಂತ ಬರುತ್ತದೆ, ಅದು ಕೋರ್ಟಿನ ಭಾಷೆ, ಅಲ್ಲೇ ಇರಲಿ.

ಪ್ರಶ್ನೆ: ‘ಇಯರ್ ಓಲ್ಡ್’ ಯಾವಾಗ, ‘ಇಯರ್ಸ್ ಓಲ್ಡ್’ ಯಾವಾಗ?
— ಗೋಕರ್ಣದ ಓದುಗರು

ನಾಮಪದದ ಮುಂದೆ ಕೂತರೆ ‘ಇಯರ್’, ನಡುವೆ ಅಡ್ಡಗೆರೆಗಳ ಜೊತೆ: ‘ಎ ಸಿಕ್ಸ್-ಇಯರ್-ಓಲ್ಡ್ ಬಾಯ್’. ವಾಕ್ಯದ ಕೊನೆಗೆ ಬಂದರೆ ‘ಇಯರ್ಸ್’, ಅಡ್ಡಗೆರೆ ಇಲ್ಲ: ‘ದ ಬಾಯ್ ಈಸ್ ಸಿಕ್ಸ್ ಇಯರ್ಸ್ ಓಲ್ಡ್’.

ಖಚಿತ ವರ್ಷ ಬೇಡ ಅನ್ನಿಸಿದರೆ ಇನ್ನೊಂದು ಚಂದದ ರೀತಿ ಇದೆ. ರವೀಂದ್ರನಾಥ ಟ್ಯಾಗೋರರು ಕಾರವಾರಕ್ಕೆ ಬಂದದ್ದು 1880ರ ದಶಕದ ಆರಂಭದಲ್ಲಿ. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ರವೀಂದ್ರರು ಹುಟ್ಟಿದ್ದು 1861ರಲ್ಲಿ, ಅಂದರೆ ನಮ್ಮ ಕಡಲತೀರ ನೋಡಿದಾಗ ಅವರು ‘ಇನ್ ಹಿಸ್ ಅರ್ಲಿ ಟ್ವೆಂಟೀಸ್’. ಇಪ್ಪತ್ತೊಂದೋ ಇಪ್ಪತ್ತೆರಡೋ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಡುವಿನವರಿಗೆ ‘ಮಿಡ್’, ಮೂವತ್ತು ಮುಟ್ಟುತ್ತಿರುವವರಿಗೆ ‘ಲೇಟ್’. ಆದರೆ ಜಾಗ್ರತೆ, ಹೆಸರಿನ ಮುಂದೆ ‘ಲೇಟ್’ ಹಾಕಿದರೆ ತೀರಿಹೋದವರು ಅಂತ ಅರ್ಥ.

ಪ್ರಶ್ನೆ: ಬನವಾಸಿ ದಾರಿಯಲ್ಲಿ ನಮ್ಮದೊಂದು ಹೋಮ್‌ಸ್ಟೇ ಇದೆ. ಮನೆ ಕಟ್ಟಿ ನೂರು ವರ್ಷದ ಮೇಲಾಯಿತು. ಮುತ್ತಜ್ಜನ ಕಾಲದ ಕಂಬಗಳು, ಹಿತ್ತಾಳೆಯ ಹಂಡೆ, ಒಂದು ಗಡಿಯಾರ, ಒಂದಿಷ್ಟು ತಾಳೆಗರಿ ಇವೆ. ಕರಪತ್ರದಲ್ಲಿ ‘ಏನ್ಷಂಟ್ ಹೌಸ್ ವಿತ್ ಆಂಟೀಕ್ ಥಿಂಗ್ಸ್’ ಅಂತ ಹಾಕಿಸಿದ್ದೇವೆ. ಬಂದವರೊಬ್ಬರು ‘ವಿಂಟೇಜ್’ ಅನ್ನಿ ಅಂದರು. ವ್ಯತ್ಯಾಸ ಏನು?
— ಶಿರಸಿ ತಾಲೂಕಿನ ಓದುಗರು

ಈ ಪ್ರಶ್ನೆ ಬಂದದ್ದು ನನಗೆ ನಿಜವಾಗಿ ಖುಷಿ. ಮನೆ ಉಳಿಸಿಕೊಂಡಿದ್ದೀರಿ, ಅದಕ್ಕೆ ತಕ್ಕ ಪದವೂ ಸಿಗಬೇಕು.

ಬನವಾಸಿಯನ್ನೇ ಅಳತೆಗೋಲು ಮಾಡಿಕೊಳ್ಳಿ. ನಾಲ್ಕನೆಯ ಶತಮಾನದಲ್ಲಿ ಮಯೂರಶರ್ಮ ಕಟ್ಟಿದ ಕದಂಬ ರಾಜ್ಯದ ರಾಜಧಾನಿ ಅದು. ಅದಕ್ಕೆ ‘ಏನ್ಷಂಟ್’ ಅನ್ನಿ, ಯಾರೂ ತಕರಾರು ಮಾಡುವುದಿಲ್ಲ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಗೆ ಅದೇ ಪದ ಹಾಕಿದರೆ ಸ್ವಲ್ಪ ಜಾಸ್ತಿಯಾಯಿತು. ಅದಕ್ಕೆ ‘ಓಲ್ಡ್ ಫೋರ್ಟ್’ ಸಾಕು, ಶತಮಾನ ಹಾಕಿ ಬರೆದರೆ ಇನ್ನೂ ಒಳ್ಳೆಯದು. ನೂರು ಚಿಲ್ಲರೆ ವರ್ಷದ ನಿಮ್ಮ ಮನೆಗೆ ‘ಏನ್ಷಂಟ್’ ಅಂದರೆ, ಬನವಾಸಿ ನೋಡಿ ಬಂದ ಅತಿಥಿಗೆ ಆ ಪದದ ಮೇಲೆ ನಂಬಿಕೆಯೇ ಹೋಗುತ್ತದೆ. ‘ಸೆಂಚುರಿ-ಓಲ್ಡ್ ಆನ್ಸೆಸ್ಟ್ರಲ್ ಹೋಮ್’ ಅನ್ನಿ. ‘ಆನ್ಸೆಸ್ಟ್ರಲ್’ನಲ್ಲಿ ತಲೆಮಾರಿನಿಂದ ಇಲ್ಲೇ ಇದ್ದೇವೆ ಅನ್ನುವುದು ಬರುತ್ತದೆ, ‘ಏನ್ಷಂಟ್’ನಲ್ಲಿ ಅದು ಇಲ್ಲ.

ಕಾನೂನಿನ ಭಾಷೆ ಬೇರೆ, ಅದನ್ನೂ ಹೇಳಿಬಿಡುತ್ತೇನೆ. 1958ರ ಸ್ಮಾರಕ ರಕ್ಷಣೆಯ ಕೇಂದ್ರ ಕಾಯ್ದೆಯಲ್ಲಿ ‘ಏನ್ಷಂಟ್ ಮಾನ್ಯುಮೆಂಟ್’ ಅನ್ನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು. ಚರಿತ್ರೆಯ ಅಥವಾ ಕಲೆಯ ಮಹತ್ವವೂ ಇರಬೇಕು. ಹಾಗಾಗಿ ಸರ್ಕಾರಿ ಫಲಕದಲ್ಲಿ ಆ ಪದ ನೋಡಿದರೆ ತಪ್ಪು ಅಂತ ತಿಳಿಯಬೇಡಿ. ಅದು ಕಾಯ್ದೆಯ ಲೆಕ್ಕ, ಮಾತಿನ ಲೆಕ್ಕ ಅಲ್ಲ.

‘ಆಂಟೀಕ್’ ವಸ್ತುಗಳಿಗೆ ಸೇರಿದ್ದು. ಸಾಮಾನ್ಯವಾಗಿ ನೂರು ವರ್ಷ ದಾಟಿದ, ಬೆಲೆಬಾಳುವ ಸಾಮಾನು. ಹಂಡೆ, ಗಡಿಯಾರ ನಿಜವಾಗಿ ಅಷ್ಟು ಹಳೆಯದಾದರೆ ಬಳಸಬಹುದು. ಆದರೆ ಒಂದು ಎಚ್ಚರಿಕೆ. 1972ರ ಪ್ರಾಚ್ಯವಸ್ತು ಕಾಯ್ದೆ ‘ಆಂಟಿಕ್ವಿಟಿ’ ಅನ್ನುವ ಪದಕ್ಕೆ 100 ವರ್ಷ, ಸಾಹಿತ್ಯ, ಶಾಸ್ತ್ರ, ಚರಿತ್ರೆಯ ಮೌಲ್ಯ ಇರುವ ಹಸ್ತಪ್ರತಿಗಳಿಗೆ 75 ವರ್ಷ ಅಂತ ಇಟ್ಟಿದೆ. ಅಂಥ ವಸ್ತುಗಳ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು, ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ನೀವು ಮಾರುತ್ತಿಲ್ಲ, ನೋಡಲು ಇಟ್ಟಿದ್ದೀರಿ. ಆದರೂ ಕರಪತ್ರ ನೋಡಿ ಅತಿಥಿಗಳು ತಾಳೆಗರಿಗೆ ಬೆಲೆ ಕೇಳಿದರೆ ಇದು ನೆನಪಿರಲಿ.

‘ವಿಂಟೇಜ್’ ವೈನ್ ಲೋಕದಿಂದ ಬಂದ ಪದ, ದ್ರಾಕ್ಷಿ ಕೊಯ್ದ ವರ್ಷಕ್ಕೆ ಹಾಗೆ ಹೇಳುತ್ತಿದ್ದರು. ಈಗ ಒಂದು ಕಾಲದ ರುಚಿಯನ್ನು ಚೆನ್ನಾಗಿ ತೋರಿಸುವ ವಸ್ತುವಿಗೆಲ್ಲ ಹೇಳುತ್ತಾರೆ: ರೇಡಿಯೋ, ಸೀರೆ, ಸೈಕಲ್. ನೂರು ವರ್ಷ ಆಗಬೇಕಿಲ್ಲ. ಕಾರುಗಳಿಗೆ ಮಾತ್ರ ಕಟ್ಟುನಿಟ್ಟು ಇದೆ. ಬ್ರಿಟನ್ನಿನಲ್ಲಿ 1919ರಿಂದ 1930ರೊಳಗೆ ತಯಾರಾದ ಕಾರು ‘ವಿಂಟೇಜ್’. ನಮ್ಮ ದೇಶದ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿ ಪ್ರಕಾರ 50 ವರ್ಷ ದಾಟಿದ ವಾಹನ. ನಿಮ್ಮ ಗಡಿಯಾರ ಅರವತ್ತು, ಎಪ್ಪತ್ತು ವರ್ಷದ್ದಾದರೆ ಅದು ‘ವಿಂಟೇಜ್’, ಹಂಡೆ ಮುತ್ತಜ್ಜನದಾದರೆ ‘ಆಂಟೀಕ್’. ಮನೆ ಎರಡೂ ಅಲ್ಲ.

‘ಔಟ್‌ಡೇಟೆಡ್’, ‘ಆಂಟಿಕ್ವೇಟೆಡ್’, ‘ಆಬ್ಸೊಲೀಟ್’ ಇವೆಲ್ಲ ಕೆಲಸಕ್ಕೆ ಬಾರದ ಹಳತನ್ನು ಹೇಳುವ ಪದಗಳು, ಕರಪತ್ರದ ಹತ್ತಿರವೂ ಸುಳಿಯಬಾರದು. ಸುಗ್ಗಿ ಕುಣಿತ, ಬಂಡಿ ಹಬ್ಬದಂಥ ಆಚರಣೆಗೆ ‘ಏಜ್-ಓಲ್ಡ್’ ಬಹಳ ಚೆನ್ನಾಗಿ ಒಪ್ಪುತ್ತದೆ. ಅದು ಮನುಷ್ಯರಿಗೆ, ಸಾಮಾನಿಗೆ ಬರುವುದಿಲ್ಲ, ರೂಢಿಗೆ ಮಾತ್ರ.

ಪ್ರಶ್ನೆ: ‘ಚೈಲ್ಡ್’, ‘ಟೀನೇಜರ್’, ‘ಅಡಾಲಸೆಂಟ್’, ‘ಮೈನರ್’, ‘ಜುವೆನೈಲ್’, ‘ಯೂತ್’. ಶಾಲೆಯ ವರದಿ ಬರೆಯುವಾಗ ಪ್ರತಿ ಸಲವೂ ಗೊಂದಲ. ಹದಿನಾರರ ಹುಡುಗನಿಗೆ ಇವೆಲ್ಲವೂ ಸಲ್ಲುತ್ತವಲ್ಲ?
— ಭಟ್ಕಳದ ಶಿಕ್ಷಕಿ

ಹೌದು, ಸಲ್ಲುತ್ತವೆ. ಆದರೆ ಯಾರು ಮಾತಾಡುತ್ತಿದ್ದಾರೆ ಅನ್ನುವುದು ಪ್ರತಿ ಪದದಲ್ಲೂ ಬೇರೆ.

‘ಟೀನೇಜರ್’ ಮನೆಯವರ, ಬೀದಿಯ ಪದ. ‘ಥರ್ಟೀನ್’ನಿಂದ ‘ನೈನ್‌ಟೀನ್’ವರೆಗೆ, ಸಂಖ್ಯೆಯ ಹೆಸರಲ್ಲೇ ‘ಟೀನ್’ ಇರುವವರು. ಹಾಗಾಗಿ ಹನ್ನೆರಡರ ಹುಡುಗಿ ‘ಟೀನೇಜರ್’ ಅಲ್ಲ, ಮತ ಹಾಕಿ ಬಂದ ಹತ್ತೊಂಬತ್ತರ ಹುಡುಗಿ ಹೌದು. ‘ಅಡಾಲಸೆಂಟ್’ ವೈದ್ಯರ, ಆಪ್ತಸಲಹೆಗಾರರ ಪದ. ದೇಹ, ಮನಸ್ಸು ಬದಲಾಗುವ ಕಾಲದ ಬಗ್ಗೆ ಹೇಳುವಾಗ ಬಳಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 10ರಿಂದ 19 ಅಂತ ಲೆಕ್ಕ ಹಾಕುತ್ತದೆ. ನಮ್ಮ ಬಾಲಕಾರ್ಮಿಕ ಕಾಯ್ದೆ 2016ರ ತಿದ್ದುಪಡಿಯ ನಂತರ 14 ತುಂಬದವರು ‘ಚೈಲ್ಡ್’, 14ರಿಂದ 18ರೊಳಗಿನವರು ‘ಅಡಾಲಸೆಂಟ್’ ಅನ್ನುತ್ತದೆ. ಒಂದೇ ಪದಕ್ಕೆ ಎರಡು ಗಡಿ. ಮೀನು ಬಂದರಿನಲ್ಲಿ ದುಡಿಯುವ ಮಗುವಿನ ಬಗ್ಗೆ ವರದಿ ಬರೆದರೆ ಯಾವ ಅರ್ಥ ಅಂತ ಹೇಳಲೇಬೇಕು.

‘ಮೈನರ್’ ಹಕ್ಕು, ಆಸ್ತಿ, ಸಹಿಯ ಪದ. 18 ತುಂಬಿಲ್ಲ ಅಂದರೆ ‘ಮೈನರ್’, ಇದು 1875ರ ಕಾಯ್ದೆಯಿಂದ ಬಂದದ್ದು. ಬ್ಯಾಂಕ್ ಖಾತೆ, ಜಮೀನಿನ ಪಹಣಿ, ಇಂಥ ಕಡೆ ಸರಿ. ಶಾಲೆಯ ವಾರ್ಷಿಕೋತ್ಸವದ ವರದಿಯಲ್ಲಿ ‘ಮೈನರ್ ಸ್ಟೂಡೆಂಟ್ಸ್ ಡಾನ್ಸ್‌ಡ್’ ಅಂತ ಬಂದರೆ ಏನೋ ಕೇಸ್ ಆಗಿದೆ ಅನ್ನುವ ಹಾಗೆ ಕೇಳಿಸುತ್ತದೆ.

‘ಜುವೆನೈಲ್’ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅದು ನಮ್ಮ ದೇಶದಲ್ಲಿ ಅಪರಾಧದ ವಾಸನೆ ಹಿಡಿದ ಪದ. 2000ದ ಕಾಯ್ದೆಯಲ್ಲಿ ತಪ್ಪು ಮಾಡಿದ ಮಗುವನ್ನು ‘ಜುವೆನೈಲ್ ಇನ್ ಕಾನ್ಫ್ಲಿಕ್ಟ್ ವಿತ್ ಲಾ’ ಅನ್ನುತ್ತಿದ್ದರು. 2015ರ ಕಾಯ್ದೆ ಅದನ್ನು ‘ಚೈಲ್ಡ್ ಇನ್ ಕಾನ್ಫ್ಲಿಕ್ಟ್ ವಿತ್ ಲಾ’ ಅಂತ ಬದಲಾಯಿಸಿತು. ಯಾಕೆ? ಪದ ಅಂಟಿಕೊಂಡರೆ ಮಗುವಿನ ಜೊತೆಗೇ ಬೆಳೆಯುತ್ತದೆ. ಕಾನೂನೇ ಇಷ್ಟು ಯೋಚಿಸಿರುವಾಗ ಶಾಲೆಯ ವರದಿಯಲ್ಲಿ, ಶಿಸ್ತಿನ ನೋಟಿಸಿನಲ್ಲಿ ಆ ಪದ ಬರಲೇಬಾರದು.

‘ಯೂತ್’ ಸರ್ಕಾರದ ಯೋಜನೆಗಳ ಪದ. ವಿಶ್ವಸಂಸ್ಥೆಗೆ 15ರಿಂದ 24, ನಮ್ಮ 2014ರ ರಾಷ್ಟ್ರೀಯ ಯುವ ನೀತಿಗೆ 15ರಿಂದ 29. ಗುಂಪಿಗೆ ಹೇಳಿದರೆ ಚಂದ. ಒಬ್ಬನಿಗೇ ‘ಎ ಯೂತ್’ ಅಂದರೆ ಪೊಲೀಸ್ ಸುದ್ದಿಯ ಧಾಟಿ ಬರುತ್ತದೆ, ಅದೂ ಹುಡುಗರಿಗೇ ಜಾಸ್ತಿ. ನಿಮ್ಮ ವರದಿಗೆ ಇವೆಲ್ಲಕ್ಕಿಂತ ‘ಸ್ಟೂಡೆಂಟ್’ ಒಳ್ಳೆಯದು. ವಯಸ್ಸು ಬೇಕೆಂದರೆ ‘ಎ ಸಿಕ್ಸ್ಟೀನ್-ಇಯರ್-ಓಲ್ಡ್ ಸ್ಟೂಡೆಂಟ್’.

‘ಚೈಲ್ಡಿಷ್’ ಬೈಗುಳ, ‘ಚೈಲ್ಡ್‌ಲೈಕ್’ ಮೆಚ್ಚುಗೆ. ಮಕ್ಕಳ ಕವಿತೆಗೆ ಷರಾ ಬರೆಯುವಾಗ ಇದು ಅದಲು ಬದಲಾಗದಿರಲಿ.

ಪ್ರಶ್ನೆ: ಯಕ್ಷಗಾನ ಕಾರ್ಯಕ್ರಮದ ಇಂಗ್ಲಿಷ್ ಪರಿಚಯದಲ್ಲಿ ‘ಓಲ್ಡ್ ಆರ್ಟಿಸ್ಟ್’ ಬದಲು ‘ಸೀನಿಯರ್’ ಹಾಕಬೇಕೋ ‘ವೆಟರನ್’ ಹಾಕಬೇಕೋ?
— ಯಲ್ಲಾಪುರದ ಸಂಘಟಕರು

‘ವೆಟರನ್’ ಹಾಕಿ. ‘ಸೀನಿಯರ್’ ಅಂದರೆ ಮೇಳದೊಳಗಿನ ಸ್ಥಾನ. ಮೂವತ್ತೈದರವರೂ ‘ಸೀನಿಯರ್’ ಆಗಬಹುದು. ‘ವೆಟರನ್’ ಅಂದರೆ ದಶಕಗಳ ಕಾಲ ರಂಗ ಸವೆಸಿದವರು. ಅದು ವರ್ಷಕ್ಕಿಂತ ಅನುಭವವನ್ನು ಎಣಿಸುವ ಪದ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 1933ರಲ್ಲಿ ಹುಟ್ಟಿದವರು, 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡರು. ಎಂಬತ್ತರ ಹತ್ತಿರವೂ ಗೆಜ್ಜೆ ಕಟ್ಟಿ ಕುಣಿದ ಅವರನ್ನು ‘ಓಲ್ಡ್ ಆರ್ಟಿಸ್ಟ್’ ಅನ್ನಲು ನನಗಂತೂ ಕೈ ಬರುವುದಿಲ್ಲ.

ಅಮೆರಿಕದ ಪ್ರೇಕ್ಷಕರಿಗೆ ಬರೆಯುತ್ತಿದ್ದರೆ ‘ವೆಟರನ್ ಯಕ್ಷಗಾನ ಆರ್ಟಿಸ್ಟ್’ ಅಂತ ಪೂರ್ತಿ ಬರೆಯಿರಿ. ಅಲ್ಲಿ ಬರೀ ‘ವೆಟರನ್’ ಅಂದರೆ ಸೇನೆಯಲ್ಲಿದ್ದು ಬಂದವರು. ನಮ್ಮಲ್ಲೂ ಆ ಅರ್ಥ ಬೆಳೆಯುತ್ತಿದೆ, ಜನವರಿ 14ನ್ನು ‘ಆರ್ಮ್ಡ್ ಫೋರ್ಸಸ್ ವೆಟರನ್ಸ್ ಡೇ’ ಅಂತ ಆಚರಿಸುತ್ತಾರೆ. ಕದಂಬ ನೌಕಾನೆಲೆ ಇರುವ ಕಾರವಾರದಲ್ಲಿ ಇದು ಗೊತ್ತಿರುವ ಮಾತೇ.

‘ಸೀನಿಯರ್ ಸಿಟಿಜನ್’ ಬೇರೆ ವಿಷಯ, ಅದು ಸೌಲಭ್ಯದ ಪದ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ 60 ತುಂಬಿದವರು. ಆದಾಯ ತೆರಿಗೆಯಲ್ಲಿ 80 ತುಂಬಿದರೆ ‘ಸೂಪರ್ ಸೀನಿಯರ್’. ಬ್ಯಾಂಕಿನ ಸಾಲಿಗೆ ಸರಿ, ರಂಗದ ಮೇಲಿನ ಪರಿಚಯಕ್ಕೆ ಬೇಡ.

ಪ್ರಶ್ನೆ: ‘ಮಿಡಲ್-ಏಜ್ಡ್’ ಮತ್ತು ‘ಮಿಡೀವಲ್’ ಒಂದೇನಾ?
— ಹಳಿಯಾಳದ ಓದುಗರು

ಅಲ್ಲ. ಮೊದಲನೆಯದು ನಡುವಯಸ್ಸಿನ ಮನುಷ್ಯರಿಗೆ, ಎರಡನೆಯದು ಮಧ್ಯಯುಗದ ಚರಿತ್ರೆಗೆ. ‘ಮಿಡಲ್ ಏಜ್’ ಏಕವಚನವಾದರೆ ನಡುವಯಸ್ಸು, ‘ದ ಮಿಡಲ್ ಏಜಸ್’ ಬಹುವಚನವಾದರೆ ಮಧ್ಯಯುಗ.

ಪ್ರಶ್ನೆ: ಆಯಿ ಹಾಕಿಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಎರಡು ವರ್ಷದ್ದು, ರುಚಿ ಈಗಲೇ ಜಾಸ್ತಿ. ಬೆಂಗಳೂರಿಗೆ ಕಳಿಸುವ ಬಾಟಲಿ ಮೇಲೆ ಇಂಗ್ಲಿಷಿನಲ್ಲಿ ‘ಟೂ-ಇಯರ್-ಓಲ್ಡ್ ಪಿಕಲ್’ ಅಂತ ಹಾಕಿದರೆ ಜನ ಹಿಂದೆ ಸರಿಯುತ್ತಾರೆ. ಬೇರೆ ಪದ ಇದೆಯಾ?
— ಶಿರಸಿಯ ಗೃಹಿಣಿ

ಇದೆ. ತಿನ್ನುವ ವಸ್ತುವಿನ ಪಕ್ಕ ‘ಓಲ್ಡ್’ ಬಂದರೆ ಇಂಗ್ಲಿಷ್ ಓದುವವರ ಕಿವಿಗೆ ‘ಹಳಸಿದ್ದು’ ಅಂತಲೇ ಬೀಳುತ್ತದೆ. ಇಟ್ಟಷ್ಟೂ ರುಚಿ ಏರುವ ತಿನಿಸಿಗೆ ಅವರಲ್ಲಿ ‘ಏಜ್ಡ್’ ಮತ್ತು ‘ಮೆಚ್ಯೂರ್ಡ್’ ಇವೆ. ಮೇಲೆ ಅಜ್ಜನ ಆಮಂತ್ರಣಕ್ಕೆ ಬೇಡ ಅಂದ ಅದೇ ‘ಏಜ್ಡ್’, ಇಲ್ಲಿ ಒಂದೇ ಉಸಿರಿನ ಉಚ್ಚಾರ. ಚೀಸ್‌ಗೆ, ವರ್ಷಗಟ್ಟಲೆ ಇಟ್ಟು ಮಾರುವ ಬಾಸ್ಮತಿ ಅಕ್ಕಿಗೆ ಹೇಳುವುದು ಇದನ್ನೇ. ಹಳೆ ಅಕ್ಕಿಯ ತೇವ ಇಳಿದಿರುತ್ತದೆ, ಅನ್ನ ಅಂಟದೆ ಬಿಡಿಬಿಡಿಯಾಗಿ ಆಗುತ್ತದೆ, ಅದಕ್ಕೇ ಬೆಲೆ ಜಾಸ್ತಿ. ಆ ಪದ ಕೇಳಿದವರಿಗೆ ಇದು ಬೇಕೆಂದೇ ಇಟ್ಟಿದ್ದು, ಉಳಿದುಹೋಗಿದ್ದಲ್ಲ ಅಂತ ತಿಳಿಯುತ್ತದೆ.

ಉಪ್ಪಿನಕಾಯಿಗೆ ನನಗೆ ‘ಮೆಚ್ಯೂರ್ಡ್’ ಹೆಚ್ಚು ಇಷ್ಟ. ‘ಅಪ್ಪೆಮಿಡಿ ಪಿಕಲ್, ಮೆಚ್ಯೂರ್ಡ್ ಫಾರ್ ಟೂ ಇಯರ್ಸ್’. ಉಪ್ಪಿನಲ್ಲಿ ಕೂತ ಮಿಡಿಗೆ ಸರಿಯಾಗಿ ಒಪ್ಪುವ ಮಾತು. ‘ಸೀಸನ್ಡ್’ ಬೇಡ, ಅದು ಒಣಗಿಸಿದ ಮರಕ್ಕೂ ಒಗ್ಗರಣೆ, ಮಸಾಲೆಗೂ ಬರುವ ಪದ, ಗೊಂದಲ. ‘ವಿಂಟೇಜ್’ ಹಾಕಿದರೆ ಅಂಗಡಿಯ ಆಡಂಬರ ಕಾಣುತ್ತದೆ, ಆಯಿಯ ಕೈ ಕಾಣುವುದಿಲ್ಲ. ಮತ್ತೆ, ಈ ಸಾಲು ದೊಡ್ಡ ಅಕ್ಷರದಲ್ಲಿ ಇರಲಿ, ಅದರ ಕೆಳಗೆ ಬಾಟಲಿಗೆ ತುಂಬಿದ ದಿನಾಂಕ ಮತ್ತು ಎಲ್ಲಿಯವರೆಗೆ ಬಳಸಬಹುದು ಅನ್ನುವ ದಿನಾಂಕ ತಪ್ಪದೆ ಹಾಕಿ. ಮಾರುವ ಆಹಾರದ ಲೇಬಲ್‌ಗೆ ಅದು ಕಡ್ಡಾಯ. ಮಿಡಿ ಹಾಕಿದ ವರ್ಷವನ್ನು ಬೇರೆ ಸಾಲಿನಲ್ಲಿ ಕೊಡಿ, ಎರಡೂ ತಾರೀಕು ಒಂದೇ ಕಡೆ ಬಂದರೆ ಕೊಳ್ಳುವವರು ಹಳೆಯದನ್ನೇ ಓದಿ ಬಾಟಲಿ ಕೆಳಗಿಡುತ್ತಾರೆ.